ಅರವತ್ತು ತೊಟ್ಟಿಲುಗಳ ಓಣಿ

(ಹುಪರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಎಂದಮೇಲೆ ವಚನದ ಮಾತೋ, ಶಾಸನದ ಮಾತೋ ಇರುತ್ತದೆ ಎಂದುಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ಇವತ್ತು ನಾನು ಮಾತಾಡುವುದು ಡೌನ್ ಸಿಂಡ್ರೋಮ್ ಇರುವ ಕೂಸುಗಳ ತಂದೆತಾಯಿಗಳ ಬಗ್ಗೆ. ನಾನು ವೈದ್ಯೆಯಲ್ಲ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಮನೆತನದಲ್ಲಿ ಇಂಥ ಒಬ್ಬ ಹುಡುಗನಿದ್ದಾನೆ, ನಾನು ಅವನಿಗೆ ಅತ್ತೆ. ಈ ವಿಷಯದಲ್ಲಿ ನನಗಿರುವ ಅಧಿಕಾರ ಅಷ್ಟೇ.

ಲೆಕ್ಕದಿಂದ ಶುರು ಮಾಡೋಣ. ಬೆಳ್ಳಿಯ ತೂಕ, ಟಂಚ, ಮಜೂರಿ ಎಂದು ದಿನಬೆಳಗಾದರೆ ಲೆಕ್ಕ ಹಾಕುವ ಊರಿದು. 2011ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯ ಜನಸಂಖ್ಯೆ 38 ಲಕ್ಷ 76 ಸಾವಿರ. ಸಾವಿರ ಜನಕ್ಕೆ ವರ್ಷಕ್ಕೆ 15 ಹೆರಿಗೆ ಎಂದು ಹಿಡಿದರೂ ಜಿಲ್ಲೆಯಲ್ಲಿ ಸುಮಾರು 58 ಸಾವಿರ ಕೂಸುಗಳು ಹುಟ್ಟುತ್ತವೆ. ಡೌನ್ ಸಿಂಡ್ರೋಮ್ ಕಾಣಿಸುವುದು ಎಂಟುನೂರರಿಂದ ಸಾವಿರ ಹೆರಿಗೆಗೆ ಒಂದು. ಭಾಗಿಸಿ ನೋಡಿ: ವರ್ಷಕ್ಕೆ ಅರವತ್ತು, ಎಪ್ಪತ್ತು. ಐದು ವರ್ಷದೊಳಗಿನವರನ್ನೆಲ್ಲ ಹಿಡಿದರೆ ಮುನ್ನೂರು ಮನೆಗಳ ಹತ್ತಿರ ಬರುತ್ತದೆ. ಎಲ್ಲರನ್ನೂ ಒಂದೇ ಕಡೆ ಕೂಡಿಸಿದರೆ ಒಂದು ಸಣ್ಣ ಊರೇ ಆದೀತು. ಆದರೆ ಅವರು ಒಂದೇ ಕಡೆ ಇಲ್ಲ. ವರ್ಷಕ್ಕೆ ನಾನೂರೈನೂರು ಹೆರಿಗೆಯಾಗುವ ಊರಿನಲ್ಲಿ ಇಂಥ ಕೂಸು ಎರಡು ವರ್ಷಕ್ಕೊಮ್ಮೆ ಹುಟ್ಟೀತು. ಆ ತಾಯಿಗೆ ತನ್ನ ಓಣಿಯಲ್ಲಿ, ತನ್ನ ಬಳಗದಲ್ಲಿ, ತನ್ನ ಜೊತೆ ಹೆರಿಗೆಯಾದವರಲ್ಲಿ ಇನ್ನೊಬ್ಬಳು ಕಾಣುವುದಿಲ್ಲ. ಹಾಗಾಗಿ ಜಗತ್ತಿನಲ್ಲಿ ತನಗೊಬ್ಬಳಿಗೇ ಹೀಗಾಯಿತು ಎಂದು ಅವಳು ನಂಬುತ್ತಾಳೆ. ಈ ನಂಬಿಕೆ ಕೂಸಿನ ಆರೋಗ್ಯಕ್ಕೇ ಕುತ್ತು ತರುತ್ತದೆ. ಹೇಗೆ ಎಂದು ಹೇಳಲು ಬಂದಿದ್ದೇನೆ.

ಅದಕ್ಕೂ ಮೊದಲು ಡೌನ್ ಸಿಂಡ್ರೋಮ್ ಎಂದರೆ ಏನು ಎಂಬುದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಮ್ಮ ಜೀವಕೋಶಗಳಲ್ಲಿ ಕ್ರೋಮೋಸೋಮುಗಳು 23 ಜೋಡಿ. ಅದರಲ್ಲಿ 21ನೆಯದು ಎರಡಿರುವ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ಜಾನ್ ಲ್ಯಾಂಗ್ಡನ್ ಡೌನ್ ಎಂಬ ವೈದ್ಯ ಇದರ ಲಕ್ಷಣಗಳನ್ನು ಬರೆದದ್ದು 1866ರಲ್ಲಿ. ಕಾರಣ ಬೆಳಕಿಗೆ ಬಂದದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ, ಜೆರೋಮ್ ಲೆಜೂನ್ ಮತ್ತು ಮಾರ್ತ್ ಗೋತಿಯೆ ಅವರ ಕೆಲಸದಿಂದ. ಮೂರನೆಯ ತಿಂಗಳ 21ನೆಯ ದಿನ, ಅಂದರೆ ಮಾರ್ಚ್ 21ನ್ನು 2012ರಿಂದ ವಿಶ್ವಸಂಸ್ಥೆ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸುತ್ತಿದೆ.

93 ವರ್ಷ ವಿಜ್ಞಾನಕ್ಕೇ ಕಾರಣ ಗೊತ್ತಿರಲಿಲ್ಲ. ನಮ್ಮ ಓಣಿಗೆ ಮಾತ್ರ ಮೊದಲ ದಿನವೇ ಗೊತ್ತಾಗುತ್ತದೆ! 'ಗ್ರಹಣದಾಗ ಹೊರಗ ಬಂದಿದ್ಲು.' 'ಬಸುರಿದ್ದಾಗ ಔಷಧ ತಗೊಂಡಿದ್ಲು.' ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು 'ಬಳಗದಾಗ ಲಗ್ನ ಮಾಡಿದ್ರಿ, ಅದಕ' ಎಂಬುದು. ಸೋದರಿಕೆಯ ಲಗ್ನಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅದರಿಂದ ಬರಬಹುದಾದ ಕಾಯಿಲೆಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 21ನೆಯ ಕ್ರೋಮೋಸೋಮು ಮೂರಾಗುವುದಕ್ಕೂ ಸೋದರಮಾವನಿಗೂ ಸಂಬಂಧವಿಲ್ಲ. ನೂರಕ್ಕೆ 95 ಕೂಸುಗಳಲ್ಲಿ ಇದು ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಒಂದು ಜೋಡಿ ಬೇರೆಯಾಗದೆ ಉಳಿದದ್ದರಿಂದ ಆದದ್ದು. ತಾಯಿಯ ವಯಸ್ಸು ಏರಿದಂತೆ ಸಂಭವ ಏರುತ್ತದೆ: 25ರಲ್ಲಿ ಸುಮಾರು 1,200ಕ್ಕೆ ಒಂದು, 35ರಲ್ಲಿ 350ಕ್ಕೆ ಒಂದು, 40ರಲ್ಲಿ ನೂರಕ್ಕೆ ಒಂದು. ಹಾಗಿದ್ದೂ ಇಂಥ ಕೂಸುಗಳಲ್ಲಿ ಹೆಚ್ಚಿನವು ಹುಟ್ಟುವುದು ಚಿಕ್ಕ ವಯಸ್ಸಿನ ತಾಯಂದಿರಿಗೇ, ಯಾಕೆಂದರೆ ಹೆಚ್ಚಿನ ಹೆರಿಗೆಗಳೇ ಆ ವಯಸ್ಸಿನವು. ನೂರಕ್ಕೆ ಮೂರು ನಾಲ್ಕು ಕೂಸುಗಳಲ್ಲಿ ಮಾತ್ರ ಕ್ರೋಮೋಸೋಮಿನ ತುಂಡು ಬೇರೊಂದಕ್ಕೆ ಅಂಟಿಕೊಂಡಿರುತ್ತದೆ. ಆಗ ತಂದೆತಾಯಿಯ ರಕ್ತವನ್ನೂ ಪರೀಕ್ಷಿಸಬೇಕು, ಮುಂದಿನ ಕೂಸಿನ ಲೆಕ್ಕ ಅಲ್ಲಿ ಬೇರೆಯಾಗುತ್ತದೆ. ಅದಕ್ಕೇ 'ಮುಖ ನೋಡಿದರೆ ಗೊತ್ತಾಗುತ್ತದೆ, ಪರೀಕ್ಷೆ ಯಾಕೆ' ಎನ್ನುವವರ ಮಾತು ಕೇಳದೆ ಕ್ಯಾರಿಯೊಟೈಪ್ ಪರೀಕ್ಷೆ ಮಾಡಿಸಿ.

ಇದಿಷ್ಟನ್ನೂ ವೈದ್ಯರು ಹೇಳಬಲ್ಲರು, ಹೇಳುವವರಿದ್ದಾರೆ. ಅವರು ಹೇಳದ, ಹೇಳಲಾಗದ ಸಂಗತಿಗಳು ಬೇರೆ ಇವೆ.

ಒಂದು ದೊಡ್ಡ ಆಸ್ಪತ್ರೆಯ ಪಡಸಾಲೆಯಲ್ಲಿ ನಾನು ನಮ್ಮ ಹುಡುಗನ ತಾಯಿಯ ಜೊತೆ ಕೂತಿದ್ದೆ. ಕೂಸಿಗೆ ಆಗ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಎದುರಿನ ಬಾಕಿನ ಮೇಲಿದ್ದ ಹೆಂಗಸು, ಮಗ್ಗದ ಕೆಲಸದವರ ಮನೆಯವಳು, ನಾಲ್ಕೈದು ವರ್ಷದ ಹುಡುಗಿಯನ್ನು ಕೈಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಕೂಸನ್ನು ನೋಡಿ, 'ಎಷ್ಟ ತಿಂಗಳಾತ್ರಿ? ಹಾಲ ಕುಡೀತೈತೇನ್ರಿ?' ಎಂದು ಕೇಳಿದಳು. ಅಲ್ಲಿಯವರೆಗೆ ಮನೆಗೆ ಬಂದವರೆಲ್ಲ 'ಏನಾಗೈತಿ? ಯಾಕ ಹಿಂಗಾತು?' ಎಂದು ಕೇಳಿದವರೇ. ಹಾಲಿನ ಬಗ್ಗೆ ಕೇಳಿದ ಮೊದಲನೆಯವಳು ಅವಳು. ಕೂಸು ಎರಡು ಗುಟುಕು ಕುಡಿದು ನಿದ್ದೆ ಹೋಗುತ್ತದೆ ಎಂದು ಇವಳು ಹೇಳಿದಾಗ, ಆಕೆ ತನ್ನ ಎರಡು ಬೆರಳನ್ನು ಕೂಸಿನ ಗದ್ದದ ಕೆಳಗಿಟ್ಟು ತೋರಿಸಿದಳು. 'ಹಿಂಗ ಆಸರಾ ಕೊಡ್ರಿ. ನಿದ್ದಿ ಬಂದ್ರ ಅಂಗಾಲ ತಿಕ್ಕಿ ಎಬ್ಬಿಸ್ರಿ. ಅತ್ತಾಗ ಕುಡಿಸ್ತೀನಂತ ಕಾಯಬ್ಯಾಡ್ರಿ, ಇವು ಅಳೂದಿಲ್ಲ.'

ಸ್ನಾಯು ಸಡಿಲವಿರುವ ಕೂಸು ಹಸಿವಾದರೂ ಅಳುವುದಿಲ್ಲ. 'ಎಷ್ಟು ಶಾಣ್ಯಾ ಕೂಸು, ಕಾಡೂದಿಲ್ಲ' ಎಂದು ಅಜ್ಜಿ ಹೊಗಳುತ್ತಿರುವಾಗಲೇ ಅದರ ತೂಕ ಇಳಿಯುತ್ತಿರುತ್ತದೆ. ಪುಸ್ತಕದಲ್ಲಿ ಇದು ಒಂದು ಸಾಲು. ಆ ಹೆಂಗಸಿಗೆ ಅದು ಕೈಯಲ್ಲಿತ್ತು.

ತಂದೆತಾಯಿಗಳ ಬಳಗವನ್ನು ನಾವು ಸಾಮಾನ್ಯವಾಗಿ ಸಮಾಧಾನದ ಜಾಗ ಎಂದು ತಿಳಿಯುತ್ತೇವೆ. ಎದುರುಬದುರು ಕೂತು ಕಣ್ಣೀರು ಒರೆಸಿಕೊಳ್ಳುವುದಕ್ಕೆ, 'ಧೈರ್ಯ ತಗೊ' ಎನ್ನುವುದಕ್ಕೆ. ಅದೂ ಬೇಕು. ಆದರೆ ನನ್ನ ವಾದ ಬೇರೆ. ಈ ಬಳಗ ಒಂದು ಪಾಠಶಾಲೆ. ಇಲ್ಲಿ ಹುಟ್ಟುವ ತಿಳಿವಳಿಕೆ ಆಸ್ಪತ್ರೆಯಲ್ಲಿ ಹುಟ್ಟುವುದಿಲ್ಲ, ಮತ್ತು ಅದು ಬೇಕಾಗುವುದು ಮೊದಲ ಆರು ತಿಂಗಳಲ್ಲೇ. ಶಾಲೆಯ ವಯಸ್ಸಾದಮೇಲೆ ಬಳಗ ಹುಡುಕಿಕೊಂಡು ಹೊರಡುವವರು ತಡವಾಗಿ ಹೊರಟವರು.

ಎರೆಯುವುದನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಬಾಣಂತಿ ಮನೆಗೆ ಎರೆಯುವ ಅಜ್ಜಿ ಬರುತ್ತಾಳೆ. ಎಣ್ಣೆ ತಿಕ್ಕಿ, ಕೈಕಾಲು ಎಳೆದು, ಕುತ್ತಿಗೆ ತಿರುವಿ, ಕೆಲವರು ಕಾಲು ಹಿಡಿದು ತಲೆಕೆಳಗೆ ಮಾಡಿ ತೂಗುತ್ತಾರೆ. ಡೌನ್ ಸಿಂಡ್ರೋಮ್ ಇರುವ ಕೂಸಿನ ಕೀಲುಗಳು ಮೊದಲೇ ಸಡಿಲ, ಕೆಲವರಲ್ಲಿ ಕುತ್ತಿಗೆಯ ಮೇಲ್ತುದಿಯ ಎರಡು ಎಲುಬುಗಳ ಹಿಡಿತವೂ ಸಡಿಲವಿರುತ್ತದೆ. ಎಣ್ಣೆ ತಿಕ್ಕಲಿ, ಒಳ್ಳೆಯದೇ. ಎಳೆಯುವುದು, ತೂಗುವುದು ಬೇಡ. ಬೇರೆ ದೇಶದ ಕೈಪಿಡಿಗಳಲ್ಲಿ ಎರೆಯುವ ಅಜ್ಜಿ ಇಲ್ಲ. ಅವಳ ಮನಸ್ಸು ನೋಯದಂತೆ ಇದನ್ನು ಹೇಳುವುದು ಹೇಗೆ ಎಂಬುದು ಒಮ್ಮೆ ಹೇಳಿ ಗೆದ್ದ ತಾಯಿಗೆ ಮಾತ್ರ ಗೊತ್ತು.

ಅಂಗನವಾಡಿಯ ಕಾರ್ಡೂ ಹಾಗೆಯೇ. ತೂಕದ ಗೆರೆ ಕೆಳಗೆ ಬಂತು ಎಂದು ತಾಯಿಯನ್ನು ಬಯ್ಯುತ್ತಾರೆ. ಈ ಮಕ್ಕಳು ಬೆಳೆಯುವ ವೇಗವೇ ಬೇರೆ, ಅವರಿಗೆಂದೇ ಬೆಳವಣಿಗೆಯ ಪಟ್ಟಿಗಳನ್ನು ಮಾಡಿದ್ದಾರೆ. ನಡೆಯುವುದು ಸರಾಸರಿ ಎರಡು ವರ್ಷಕ್ಕೆ, ಕೆಲವರು ಅದಕ್ಕೂ ತಡ. ಪಕ್ಕದ ಮನೆಯ ಕೂಸಿನ ಜೊತೆ ಹೋಲಿಸುವ ತಾಯಿ ದಿನವೂ ಸೋಲುತ್ತಾಳೆ. ತನ್ನ ಕೂಸಿನಂಥದೇ ಇನ್ನೊಂದನ್ನು, ಒಂದು ವರ್ಷ ದೊಡ್ಡದಾದದ್ದನ್ನು ನೋಡಿದವಳಿಗೆ ಮುಂದಿನ ವರ್ಷ ಕಣ್ಣಿಗೆ ಕಾಣುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಹೃದಯ. ಡೌನ್ ಸಿಂಡ್ರೋಮ್ ಇರುವ ಕೂಸುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಕೆಲವು ದೋಷಗಳಲ್ಲಿ, ಅದರಲ್ಲೂ ಹೃದಯದ ನಡುಗೋಡೆಯಲ್ಲಿ ದೊಡ್ಡ ತೂತಿದ್ದು ಕವಾಟವೂ ಕೂಡಿಕೊಂಡಿದ್ದರೆ, ಶಸ್ತ್ರಚಿಕಿತ್ಸೆ ಆರು ತಿಂಗಳ ಆಸುಪಾಸಿನಲ್ಲೇ ಆಗಬೇಕು. ತಡವಾದರೆ ಶ್ವಾಸಕೋಶದ ರಕ್ತನಾಳಗಳು ಕೆಡುತ್ತವೆ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿಯೂ ಉಪಯೋಗವಿಲ್ಲದ ಸ್ಥಿತಿ ಬರುತ್ತದೆ. ಎಕೋ ಪರೀಕ್ಷೆ ಮೊದಲ ವಾರಗಳಲ್ಲೇ ಆಗಬೇಕು. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಕಿವಿ, ಕಣ್ಣು ಆರು ತಿಂಗಳೊಳಗೆ. ಈಗ ಯೋಚಿಸಿ. ಮನೆಯವರು 'ಯಾರಿಗೂ ಹೇಳಬ್ಯಾಡ್ರಿ, ದೊಡ್ಡ ಹುಡುಗಿ ಲಗ್ನ ಆಗೂದೈತಿ' ಎಂದು ಕೂಸನ್ನು ಒಳಗಿಟ್ಟುಕೊಂಡು ನರಸೋಬಾವಾಡಿಗೆ ಹರಕೆ ಹೊತ್ತು ಆರು ತಿಂಗಳು ಕಳೆದರೆ, ಕಳೆದುಹೋದದ್ದು ಆರು ತಿಂಗಳಷ್ಟೇ ಅಲ್ಲ. ಹರಕೆ ಹೊರಬೇಡಿ ಎನ್ನುತ್ತಿಲ್ಲ, ನಾನೂ ಹೊತ್ತವಳೇ. ಹರಕೆಗೂ ಎಕೋಗೂ ಜಗಳವಿಲ್ಲ.

ಇದಕ್ಕೆ ಸರ್ಕಾರದ ವ್ಯವಸ್ಥೆಯೂ ಇದೆ. 2013ರ ಫೆಬ್ರುವರಿಯಲ್ಲಿ ನಮ್ಮದೇ ಮಹಾರಾಷ್ಟ್ರದ ಪಾಲಘರದಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಹುಡುಕಿ ಚಿಕಿತ್ಸೆಗೆ ಕಳಿಸಬೇಕು. ಆ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಹೆಸರು ಹಿಡಿದೇ ಇದೆ. ಆದರೆ ನಮ್ಮ ಗಡಿಯ ತಾಯಂದಿರಿಗೆ ಬೇರೆ ಯಾರಿಗೂ ಬಾರದ ಒಂದು ತೊಡಕು ಬರುತ್ತದೆ. ಹುಪರಿಗೆ ಸೊಸೆಯಾಗಿ ಬಂದವಳ ತವರು ನಿಪ್ಪಾಣಿಯೋ ಬೋರಗಾಂವಿಯೋ ಚಿಕ್ಕೋಡಿಯೋ ಆಗಿರುತ್ತದೆ. ಮೊದಲ ಹೆರಿಗೆ ತವರಲ್ಲಿ. ಕೂಸಿನ ಜನ್ಮದಾಖಲೆ ಕರ್ನಾಟಕದ್ದು, ರೇಶನ್ ಕಾರ್ಡು ಮಹಾರಾಷ್ಟ್ರದ್ದು. ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಗೆ ಈ ಕಡೆಯ ಕಾರ್ಡು ಬೇಕು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ಆ ಕಡೆಯದು. ಬಾಣಂತಿ ತವರಲ್ಲಿದ್ದಾಗ ಈ ಕಡೆಯ ಆಶಾ ಕಾರ್ಯಕರ್ತೆ ಬರುವುದಿಲ್ಲ, ಅತ್ತೆಮನೆಗೆ ಬಂದಮೇಲೆ ಆ ಕಡೆಯವಳ ಪುಸ್ತಕದಲ್ಲಿ ಹೆಸರು ಉಳಿದಿರುತ್ತದೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿಯಾಚೆಯ 865 ಹಳ್ಳಿಗಳಿಗೆ ಫುಲೆ ಯೋಜನೆ ಕೊಡುತ್ತೇವೆ ಎಂದಾಗ ಎರಡೂ ಕಡೆ ಎಷ್ಟು ಗದ್ದಲವಾಯಿತು ಎಂದು ನಿಮಗೆ ನೆನಪಿದೆ. ಭಾಷಣ ಮಾಡಿದವರಲ್ಲಿ ಒಬ್ಬರೂ ಕೂಸಿನ ಎಕೋ ಎಲ್ಲಿ ಮಾಡಿಸಬೇಕು ಎಂದು ಹೇಳಲಿಲ್ಲ. ಯಾವ ಕಾಗದ ಮೊದಲು, ಯಾವ ಕಿಟಕಿಯಲ್ಲಿ, ಯಾವ ದಿನ ಎಂಬುದನ್ನು ಹೇಳಬಲ್ಲವರು ಆ ಸಾಲಿನಲ್ಲಿ ನಿಂತು ಬಂದ ತಂದೆತಾಯಿಗಳೇ.

ಹೀಗೆ ಕೂಡಿದವರು ನಾವು ಮೊದಲಿಗರಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಚಿಕಾಗೋದಲ್ಲಿ ಕೇ ಮೆಕ್‌ಗೀ ಎಂಬ ತಾಯಿಗೆ 'ಕೂಸನ್ನು ಮನೆಗೆ ಒಯ್ಯಬೇಡಿ, ಸಂಸ್ಥೆಗೆ ಸೇರಿಸಿ' ಎಂಬ ಸಲಹೆ ಸಿಕ್ಕಿತು. ಅವಳು ಕೂಸನ್ನು ಮನೆಗೆ ತಂದಳು, ಬೇರೆ ತಂದೆತಾಯಿಗಳನ್ನು ಹುಡುಕಿ ಸಂಘ ಕಟ್ಟಿದಳು. ಆ ದೇಶದಲ್ಲಿ ಡೌನ್ ಸಿಂಡ್ರೋಮ್‌ಗೆಂದೇ ಹುಟ್ಟಿದ ಅತಿ ಹಳೆಯ ಸಂಘ ಅದು. ನಮ್ಮಲ್ಲಿ ಚೆನ್ನೈನ ಸುರೇಖಾ ರಾಮಚಂದ್ರನ್, ಇಂಥ ಮಗಳ ತಾಯಿ, 1984ರಲ್ಲಿ ತಮಿಳುನಾಡಿನ ಸಂಘ ಕಟ್ಟಿದರು. ಅದೇ ಬೆಳೆದು ಡೌನ್ ಸಿಂಡ್ರೋಮ್ ಫೆಡರೇಶನ್ ಆಫ್ ಇಂಡಿಯಾ ಆಯಿತು. ಅದೇ ವರ್ಷ ಕೊಲ್ಹಾಪುರದಲ್ಲಿ ನಸೀಮಾ ಹುರಜೂಕ್ ಅವರು ದೈಹಿಕ ಅಂಗವಿಕಲರಿಗಾಗಿ ಹೆಲ್ಪರ್ಸ್ ಆಫ್ ದಿ ಹ್ಯಾಂಡಿಕ್ಯಾಪ್ಡ್ ಕಟ್ಟಿದ್ದನ್ನು ಇಲ್ಲಿನ ಹಿರಿಯರು ಬಲ್ಲರು. ಬುದ್ಧಿಮಾಂದ್ಯ ಮಕ್ಕಳಿಗಾಗಿ ಚೇತನಾ ಸಂಸ್ಥೆಯ ಶಾಲೆಯೂ ಅಲ್ಲಿದೆ. 1995ರಲ್ಲಿ ದೇಶದ ಹಲವು ತಂದೆತಾಯಿ ಸಂಘಗಳು ಸೇರಿ 'ಪರಿವಾರ್' ಒಕ್ಕೂಟವಾಯಿತು, ಬೆಂಗಳೂರಿನ ಜೆ.ಪಿ. ಗಾಡ್ಕರಿಯವರಂಥವರು ಅದನ್ನು ಮುನ್ನಡೆಸಿದರು. 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಾಗ ಅದರ ಮಂಡಳಿಯಲ್ಲಿ ತಂದೆತಾಯಿಗಳ ಸಂಘಗಳಿಗೆ ಮೂರು ಸ್ಥಾನವನ್ನು ಕಾಯ್ದೆಯಲ್ಲೇ ಬರೆದಿಟ್ಟರು. ಕೂಡಿದ್ದರಿಂದ ಸಿಕ್ಕ ಸ್ಥಾನ ಅದು.

ಆದರೆ ಚೆನ್ನೈ, ಬೆಂಗಳೂರು ಹುಪರಿಯಿಂದ ದೂರ. ದೂರಕ್ಕಿಂತ ಹೆಚ್ಚಿನ ಅಡ್ಡಿ ಮಾತಿನದು. ಇಲ್ಲಿ ಕನ್ನಡದ ಪ್ರಶ್ನೆಗೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಒಳಗೆ ಕನ್ನಡ, ಬಾಗಿಲಾಚೆ ಮರಾಠಿ. ಕೂಸು ಮಾತು ಕಲಿಯುವುದು ತಡ ಎಂದು ಗೊತ್ತಾದ ಕೂಡಲೇ ಸಲಹೆ ಬರುತ್ತದೆ: 'ಎರಡು ಭಾಷೆ ಬೇಡ, ಗೊಂದಲವಾಗುತ್ತದೆ. ಶಾಲೆ ಮರಾಠಿ, ಮನೆಯಲ್ಲೂ ಮರಾಠಿಯನ್ನೇ ಆಡಿ.' ಅಜ್ಜಿಗೆ ಮರಾಠಿ ಅಷ್ಟಕ್ಕಷ್ಟೇ. ಅವಳು ಕೂಸಿನ ಮುಂದೆ ಮಾತು ಕಡಿಮೆ ಮಾಡುತ್ತಾಳೆ. ಎಲ್ಲರಿಗಿಂತ ಹೆಚ್ಚು ಮಾತು ಕೇಳಬೇಕಾದ ಕೂಸಿಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳೇ ಇಲ್ಲದಂತಾಗುತ್ತದೆ! ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳು, ಒಂದೇ ಭಾಷೆಯ ಅಂಥ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಅಜ್ಜಿ ಕನ್ನಡದಲ್ಲೇ ಹರಟಲಿ. ಓಣಿ ಮರಾಠಿ ಕಲಿಸುತ್ತದೆ. ಕೂಸಿನ ಕಿವಿ ಸರಿಯಾಗಿದೆಯೇ ಎಂದು ಮಾತ್ರ ನೋಡಿಸಿ. ಈ ಮಕ್ಕಳ ಕಿವಿಯ ದಾರಿ ಕಿರಿದು, ಒಳಗೆ ನೀರು ನಿಲ್ಲುವುದು ಹೆಚ್ಚು. ಗೆಜ್ಜೆ ಅಲ್ಲಾಡಿಸಿದಾಗ ತಿರುಗಿ ನೋಡಿತು ಎಂದು ನೆಮ್ಮದಿಯಾಗುವುದು ಸಾಲದು. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಕನ್ನಡದಲ್ಲೇ ಕಲಿಸುವವರಿದ್ದಾರೆ, ಆದರೆ ದಿನದಿನದ ಪಾಠ ಮನೆಯಲ್ಲೇ ಆಗಬೇಕು.

ಹೀಗಾಗಿ ಬಳಗವೂ ಇಲ್ಲೇ, ಈ ಎರಡು ಭಾಷೆಯಲ್ಲೇ ಆಗಬೇಕು. ಆಗದು ಎನ್ನಬೇಡಿ. ಹುಪರಿಯಲ್ಲಿ ಬೆಳ್ಳಿಯ ಇವತ್ತಿನ ದರ ಬೆಳಗಿನ ಚಹಾಕ್ಕೆ ಮುಂಚೆ ಪ್ರತಿ ಮನೆಗೂ ಮುಟ್ಟುತ್ತದೆ. ಸೇಲಂನಲ್ಲಿ ಎಂಥ ಪೈಂಜಣ ಹೊಸದಾಗಿ ಬಂದಿದೆ, ರಾಜಕೋಟದವರು ಮಜೂರಿ ಎಷ್ಟಕ್ಕೆ ಇಳಿಸಿದರು ಎಂಬುದು ವಾರದೊಳಗೆ ಓಣಿಗೆಲ್ಲ ಗೊತ್ತು. ಸುದ್ದಿ ಹರಿಯುವ ಇಂಥ ಕಾಲುವೆ ಇರುವ ಊರಿನಲ್ಲಿ, ರೆಂದಾಳದಲ್ಲಿ ಹೋದ ತಿಂಗಳು ಹುಟ್ಟಿದ ಕೂಸಿನ ಸುದ್ದಿ ಹುಪರಿಯ ಇನ್ನೊಬ್ಬ ತಾಯಿಗೆ ಮುಟ್ಟುವುದಿಲ್ಲ ಎಂದರೆ ನಾವೇ ಮುಟ್ಟಗೊಡುತ್ತಿಲ್ಲ ಎಂದರ್ಥ.

ಕೂಡುವ ರೂಪವನ್ನೂ ಹೊಸದಾಗಿ ಹುಡುಕಬೇಕಿಲ್ಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲಿ ಹಳದಿ-ಕುಂಕುಮ ನಡೆಯುತ್ತದೆ. ಇಂಥ ಕೂಸಿನ ತಾಯಿ ಅಲ್ಲಿಗೆ ಹೋಗುವುದನ್ನು ಬಿಟ್ಟಿರುತ್ತಾಳೆ, ಕರೆಯುವವರೂ ನಿಧಾನಕ್ಕೆ ಬಿಡುತ್ತಾರೆ. ಅವಳ ಮನೆಯಲ್ಲೇ ಒಂದು ಹಳದಿ-ಕುಂಕುಮ ಆಗಲಿ, ಸುತ್ತಿನ ಊರುಗಳ ಅಂಥ ತಾಯಂದಿರೇ ಬರಲಿ, ಕೂಸುಗಳನ್ನು ಕರೆದುಕೊಂಡೇ ಬರಲಿ. ಬಚತ ಗಟ ನಡೆಸಿ ಗೊತ್ತಿರುವ ಹೆಂಗಸರು ನೀವು. ವಾರಕ್ಕಿಷ್ಟು ಹಾಕಿ ಪೈಸೆ ಪೈಸೆಗೆ ಲೆಕ್ಕ ಇಡುತ್ತೀರಿ. ಅದೇ ಗಟದಿಂದ ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಗೋ ಮಿರಜಕ್ಕೋ ಬೆಳಗಾವಿಗೋ ಒಂದು ಗಾಡಿ ಮಾಡಿಕೊಂಡು ನಾಲ್ಕು ಕೂಸುಗಳನ್ನು ಒಟ್ಟಿಗೆ ಒಯ್ಯಬಹುದು. ಒಬ್ಬಳೇ ಹೋದರೆ ಒಂದು ದಿನದ ಬೆಳ್ಳಿಯ ಜಾಳಿ ಜೋಡಿಸುವ ಕೂಲಿ ಹೋಗುತ್ತದೆ, ಮೇಲೆ ಎಸ್‌ಟಿ ಬಸ್ಸಿನಲ್ಲಿ ಎಲ್ಲರ ಕಣ್ಣು.

ಗಂಡಸರ ಬಗ್ಗೆಯೂ ಒಂದು ಮಾತು. ಮಾಲು ಹೊತ್ತು ಊರೂರು ತಿರುಗುವ ತಂದೆ ತಿಂಗಳಲ್ಲಿ ಅರ್ಧ ದಿನ ಮನೆಯಲ್ಲಿರುವುದಿಲ್ಲ. ಇರುವಾಗ ಹಣ ಹೊಂದಿಸುವುದೇ ತನ್ನ ಕೆಲಸ ಎಂದುಕೊಂಡಿರುತ್ತಾನೆ. ತಂದೆ ಬಾರದ ಬಳಗ ನಾಲ್ಕು ತಿಂಗಳಲ್ಲಿ ನಿಲ್ಲುತ್ತದೆ. ಯಾಕೆಂದರೆ ಮನೆಯಿಂದ ಹೊರಗೆ ಹೋಗಲು ಹೆಂಡತಿ ಅವನ ತಾಯಿಯನ್ನು ಕೇಳಬೇಕು, ಅವನು ಕೇಳಬೇಕಾಗಿಲ್ಲ.

ಬಳಗಕ್ಕೆ ಅಪಾಯಗಳೂ ಇವೆ. ಹತ್ತು ತಂದೆತಾಯಿ ಸೇರಿದಲ್ಲಿ ಬುದ್ಧಿ ಬೆಳೆಸುವ ಪುಡಿ ಮಾರುವವನು ಬಂದೇ ಬರುತ್ತಾನೆ. ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೆಲವು ರಕ್ತ ಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಚಿಕಿತ್ಸೆಯೆಂದು ಒಪ್ಪಿಲ್ಲ. ಮೂರನೆಯ ಕ್ರೋಮೋಸೋಮನ್ನು ತೆಗೆಯುವ ಔಷಧ ಇಲ್ಲ. 'ನಾವು ಹೊಲ ಮಾರಿ ಕೊಟ್ಟಿವಿ, ಏನೂ ಆಗಲಿಲ್ಲ' ಎಂದು ಹೇಳಬಲ್ಲ ಒಬ್ಬ ತಂದೆ ಬಳಗದಲ್ಲಿದ್ದರೆ ಹತ್ತು ಹೊಲ ಉಳಿಯುತ್ತವೆ. ಇನ್ನೊಂದು ಅಪಾಯ ಮಕ್ಕಳ ನಡುವೆ ಪೈಪೋಟಿ ಹಚ್ಚುವುದು. ಪುಣೆಯ ಈಜುಗಾರ್ತಿ ಗೌರಿ ಗಾಡಗೀಳ ತಮ್ಮದೇ ಕಥೆಯಲ್ಲಿ ತಾವೇ ನಟಿಸಿದ 'ಯೆಲ್ಲೋ' ಎಂಬ ಮರಾಠಿ ಚಿತ್ರವನ್ನು 2014ರಲ್ಲಿ ನೀವು ನೋಡಿರಬಹುದು, 2025ರ 'ಸಿತಾರೆ ಜಮೀನ್ ಪರ್' ಚಿತ್ರವನ್ನೂ. ಒಳ್ಳೆಯ ಚಿತ್ರಗಳು. ಓಣಿಯವರು ನೋಡಲಿ ಎಂದು ನಾನೇ ಹೇಳುತ್ತೇನೆ. ಆದರೆ ಹತ್ತು ದಿನದ ಬಾಣಂತಿಗೆ ಪದಕದ ಕಥೆ ಹೇಳಬೇಡಿ. ಅವಳಿಗೆ ಬೇಕಾದದ್ದು ಗದ್ದಕ್ಕೆ ಎರಡು ಬೆರಳು ಎಲ್ಲಿಡಬೇಕು ಎಂಬುದು.

ಕೊನೆಗೆ, ಪ್ರತಿ ಮನೆಯಲ್ಲೂ ರಾತ್ರಿ ಕೇಳಿಬರುವ ಪ್ರಶ್ನೆ: 'ನಮ್ಮ ಹಿಂದ ಇದನ್ನ ಯಾರ ನೋಡವ್ರು?' 1980ರ ದಶಕದ ಆರಂಭದವರೆಗೂ ಅಮೆರಿಕದಂಥ ದೇಶದಲ್ಲೇ ಇವರ ಸರಾಸರಿ ಆಯುಷ್ಯ 25ರ ಆಸುಪಾಸಿತ್ತು. ಈಗ ಅಲ್ಲಿ ಅರವತ್ತರ ಹತ್ತಿರ ಬಂದಿದೆ. ಹೃದಯದ ಶಸ್ತ್ರಚಿಕಿತ್ಸೆ, ಮನೆಯಲ್ಲೇ ಬೆಳೆಸುವುದು, ಎರಡೂ ಇದಕ್ಕೆ ಕಾರಣ. ಅಂದರೆ ಈಗ ತೊಟ್ಟಿಲಲ್ಲಿರುವ ಕೂಸು ತಂದೆತಾಯಿಯ ನಂತರವೂ ಬಹುಕಾಲ ಬಾಳಬಹುದು. 18 ತುಂಬಿದಮೇಲೆ ಕಾನೂನಿನ ಕಣ್ಣಿಗೆ ತಂದೆತಾಯಿ ತಾನಾಗಿ ಪಾಲಕರಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಪಾಲಕತ್ವ ಪಡೆಯಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಒಬ್ಬ ಅಂಗವಿಕಲ ವ್ಯಕ್ತಿ, ಮತ್ತು ಟ್ರಸ್ಟ್‌ನಲ್ಲಿ ನೋಂದಾಯಿಸಿದ ಒಂದು ಸಂಸ್ಥೆಯ ಪ್ರತಿನಿಧಿ ಇರುತ್ತಾರೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಅದೇ ಟ್ರಸ್ಟ್‌ನದು. ತಂದೆತಾಯಿಗಳ ಸಂಘವೂ ಹೀಗೆ ನೋಂದಾಯಿಸಿಕೊಳ್ಳಬಹುದು. ಇಚಲಕರಂಜಿಯಿಂದ ಗಡಹಿಂಗ್ಲಜದವರೆಗಿನ ಮನೆಗಳು ಒಂದು ಸಂಘವಾದರೆ, ಕೊಲ್ಹಾಪುರದ ಆ ಮೇಜಿನ ಸುತ್ತ ಕನ್ನಡ ಬಲ್ಲ ತಾಯಿಯೊಬ್ಬಳು ಕೂತಿರಬಹುದು.

ನನ್ನ ಮಾತು ಇಷ್ಟು. ಪ್ರಶ್ನೆಗಳಿಗೆ ಸಮಯ ಇಟ್ಟಿದ್ದಾರೆ. ವೇದಿಕೆಯ ಮುಂದಿನವರು ದಯವಿಟ್ಟು ಸ್ವಲ್ಪ ತಡೆಯಿರಿ, ಹಿಂದೆ ಕೂಸು ಎತ್ತಿಕೊಂಡು ನಿಂತಿರುವವರು ಮೊದಲು ಕೇಳಲಿ, ಅವರಿಗೆ ಬಸ್ಸಿಗೆ ಹೊತ್ತಾಗುತ್ತದೆ.